ಎಲ್ಲಿ ನಿಂತು ನೋಡುವುದು: ಕಾಸರಗೋಡಿನ ಒಂದು ಚಿತ್ರ ಮೂಡಿದ ಬಗೆ

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿದ್ದೇನೆ. ‘ನಮ್ಮ ಊರು’ ಎಂಬ ವಿಷಯ ಕೊಟ್ಟು ಮಕ್ಕಳಿಂದ ಬರೆಸಿದ ಚಿತ್ರಗಳಿಗೆ ಲೆಕ್ಕವಿಲ್ಲ. ಎರಡು ಗುಡ್ಡ, ನಡುವೆ ಸೂರ್ಯ, ಬದಿಗೊಂದು ತೆಂಗಿನ ಮರ, ಬಳುಕಿ ಹೋಗುವ ದಾರಿ. ಆ ವಿಷಯ ಎಷ್ಟು ಕಷ್ಟದ್ದೆಂದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅದೇ ವಿಷಯವನ್ನು ಹಿಡಿದು ಐದು ತಿಂಗಳು ಒದ್ದಾಡಿದಳು. ನಾನು ಹತ್ತಿರದಿಂದ ನೋಡಿದೆ, ಸಲಹೆ ಕೊಟ್ಟೆ, ಒಂದು ಕಡೆ ತಪ್ಪು ಸಲಹೆಯನ್ನೂ ಕೊಟ್ಟೆ. ಊರಿನ ಬಗ್ಗೆ ಚಿತ್ರ ಬರೆಯಲು ಹೊರಟವರಿಗೆ ಉಪಯೋಗವಾದೀತೆಂದು ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವಳ ಹೆಸರು, ಸಂಘದ ಹೆಸರು, ಮನೆ ಇದ್ದ ಜಾಗ ಯಾವುದನ್ನೂ ಹೇಳುವುದಿಲ್ಲ. ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಚಿತ್ರಕ್ಕೆ ಸಂಬಂಧಿಸಿದ ತೀರ್ಮಾನಗಳನ್ನು ಮಾತ್ರ ನಡೆದಂತೆಯೇ ಇಟ್ಟಿದ್ದೇನೆ.

ಹಿನ್ನೆಲೆ

ಕಲಾವಿದೆಗೆ ನಲವತ್ತರ ಆಸುಪಾಸು. ಹುಟ್ಟಿ ಬೆಳೆದದ್ದು ಕಾಸರಗೋಡು ಪೇಟೆಯಲ್ಲಿ. ಮನೆಯ ಮಾತು ತುಳು, ಶಾಲೆಯ ಮಾತು ಕನ್ನಡ, ಅಂಗಡಿ ಬಸ್ಸುಗಳ ಮಾತು ಮಲಯಾಳ. ಮಂಗಳೂರಿನಲ್ಲಿ ಚಿತ್ರಕಲೆ ಕಲಿತು, ಬೆಂಗಳೂರಿನಲ್ಲಿ ಪುಸ್ತಕಗಳ ಮುಖಪುಟ ಮಾಡಿಕೊಂಡು ಹದಿನೈದು ವರ್ಷ ಕಳೆದಿದ್ದಳು. ತಂದೆ ತೀರಿಕೊಂಡ ಮೇಲೆ ತಾಯಿಗೆ ಜೊತೆಯಾಗಲೆಂದು ಊರಿಗೆ ಮರಳಿದಳು.

ಮರಳಿದ್ದು ಹಳೆಯ ಮನೆಗಲ್ಲ. ಮನೆ ಇದ್ದದ್ದು ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ, ರಸ್ತೆಗಿಂತ ಆಳೆತ್ತರ ಮೇಲಿದ್ದ ದಿಣ್ಣೆಯ ಮೇಲೆ. ರಸ್ತೆ ಆರು ಪಥವಾಗುವಾಗ ಅಂಗಳ, ಹಲಸಿನ ಮರ, ಅರ್ಧ ತುಳಸಿಕಟ್ಟೆ, ಚಾವಡಿ ಎಲ್ಲ ಹೋದವು. ಹಿಂದಿನ ಎರಡು ಕೋಣೆಗಳು ಉಳಿದರೂ ವಾಸಕ್ಕೆ ಯೋಗ್ಯವಾಗಿರಲಿಲ್ಲ. ಪರಿಹಾರದ ಹಣ ಬಂದಿತ್ತು, ಆ ಬಗ್ಗೆ ಕುಟುಂಬಕ್ಕೆ ದೂರಿಲ್ಲ. ತಾಯಿ ವಿದ್ಯಾನಗರದ ಕಡೆ ಬಾಡಿಗೆ ಮನೆಯಲ್ಲಿದ್ದರು.

ಆ ವರ್ಷದ ಮೇ ತಿಂಗಳಲ್ಲಿ ಪೇಟೆಯ ಒಂದು ಕನ್ನಡ ಸಂಘ ತನ್ನ ಹೊಸ ಸಭಾಂಗಣಕ್ಕೆ ಒಂದು ಚಿತ್ರ ಬೇಕೆಂದು ಅವಳನ್ನು ಕೇಳಿತು. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ. ವಿಷಯ, ಅವಳಿಗೂ ಅವಳ ಊರಿಗೂ ಇರುವ ಸಂಬಂಧ. ನವೆಂಬರ್ 1ಕ್ಕೆ ಅನಾವರಣ. ನಮ್ಮೂರಿನಲ್ಲಿ ಆ ದಿನಕ್ಕೆ ಎರಡು ಮುಖಗಳಿವೆ: ಕನ್ನಡ ರಾಜ್ಯೋತ್ಸವ, ಕೇರಳ ಹುಟ್ಟಿದ ದಿನ. 1956ರ ನವೆಂಬರ್ 1ರಂದು ಮದರಾಸು ರಾಜ್ಯದ ದಕ್ಷಿಣ ಕನ್ನಡದಲ್ಲಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮರುವರ್ಷದ ವರದಿಯಲ್ಲಿ ಹೇಳಿತು. ಅದು ಜಾರಿಗೆ ಬರಲಿಲ್ಲ. ಕಣ್ಣೂರು ಜಿಲ್ಲೆಯಲ್ಲಿದ್ದ ನಾವು 1984ರ ಮೇ 24ರಂದು ನಮ್ಮದೇ ಜಿಲ್ಲೆಯಾದೆವು. ಸಂಘದ ಕಾರ್ಯದರ್ಶಿಗಳು ಈ ಚರಿತ್ರೆಯನ್ನು ಬದುಕಿದವರು, ಗಡಿನಾಡಿನ ಕನ್ನಡಕ್ಕಾಗಿ ಪ್ರಾಯವನ್ನೇ ಸವೆಸಿದವರು. ‘ನಮ್ಮ ನೋವು ಕಾಣಬೇಕು’ ಎಂದು ಅವರು ಒಂದೇ ಮಾತು ಹೇಳಿದರು. ಆ ಮಾತಿನ ಭಾರ ಕಲಾವಿದೆಯ ಕೈಮೇಲೆ ಬಹಳ ದಿನ ಇತ್ತು.

ತೊಡಕು

ತೊಡಕು ಬಣ್ಣದ್ದಾಗಲಿ ಕೌಶಲದ್ದಾಗಲಿ ಅಲ್ಲ. ಕಾಸರಗೋಡಿನ ಚಿತ್ರ ಈಗಾಗಲೇ ಎಲ್ಲರ ತಲೆಯಲ್ಲೂ ಇದೆ. ಬೇಕಲದ ಕೋಟೆ, ತೆಯ್ಯಂನ ಕೆಂಪು ಮುಖ, ಯಕ್ಷಗಾನದ ಕಿರೀಟ, ಮಧೂರಿನ ದೇವಸ್ಥಾನದ ಹಿಂಬದಿಯ ಗಜಪೃಷ್ಠ, ತಳಂಗರೆಯ ಮಾಲಿಕ್ ದೀನಾರ್ ಮಸೀದಿ, ಸಪ್ತಭಾಷಾ ಸಂಗಮಭೂಮಿ ಎಂಬ ಬಿರುದು. ಇವೆಲ್ಲ ನಿಜವೇ, ನಮ್ಮ ಹೆಮ್ಮೆಯೇ. ಆದರೆ ಇವುಗಳಲ್ಲಿ ಯಾವುದೂ ಅವಳಿಗೂ ಊರಿಗೂ ನಡುವಿನದಲ್ಲ. ಹೊರಗಿನಿಂದ ಬಂದ ಯಾರೇ ಆದರೂ ಮೂರು ದಿನದಲ್ಲಿ ಇಷ್ಟನ್ನೂ ಬರೆದಾರು.

ಮೊದಲ ಎರಡು ಪ್ರಯತ್ನ

ಜೂನ್‌ನಲ್ಲಿ ಅವಳು ಏಳು ಭಾಷೆಗಳ ಚಿತ್ರಕ್ಕೆ ಕೈಹಾಕಿದಳು. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಉರ್ದು, ಬ್ಯಾರಿ. ಏಳು ಬಣ್ಣದ ಹೊಳೆಗಳು ಮೇಲಿನಿಂದ ಇಳಿದು ಸಮುದ್ರ ಸೇರುವ ವಿನ್ಯಾಸ. ಮುಖಪುಟ ಮಾಡಿ ಪಳಗಿದ ಕೈ, ಕರಡು ಅಚ್ಚುಕಟ್ಟಾಗಿತ್ತು. ಸಂಘದವರಿಗೆ ಬಹಳ ಹಿಡಿಸಿತು. ನನಗೂ ಮೊದಲ ನೋಟಕ್ಕೆ ಚೆನ್ನಾಗಿಯೇ ಕಂಡಿತು. ನಾಲ್ಕು ದಿನ ಗೋಡೆಗೆ ಒರಗಿಸಿಟ್ಟು ನೋಡಿದ ಮೇಲೆ ಅವಳೇ ಅದನ್ನು ತಿರುಗಿಸಿಟ್ಟಳು. “ಮಾಷ್ಟ್ರೇ, ಇದರಲ್ಲಿ ನಾನು ಎಲ್ಲಿ ನಿಂತಿದ್ದೇನೆ? ಆಕಾಶದಲ್ಲಿ. ನಾನು ಒಂದು ದಿನವೂ ಈ ಊರನ್ನು ಆಕಾಶದಿಂದ ನೋಡಿದವಳಲ್ಲ” ಎಂದಳು. ಅಂದು ನಾನು ಆ ಮಾತನ್ನು ಅಷ್ಟಾಗಿ ಲೆಕ್ಕಿಸಲಿಲ್ಲ. ಇಡೀ ಪ್ರಕರಣದ ಬೀಜ ಅಲ್ಲೇ ಇತ್ತೆಂದು ಈಗ ಅನಿಸುತ್ತದೆ.

ಎರಡನೆಯದು ಮನೆಯ ಚಿತ್ರ. ಅಂಗಳದಲ್ಲಿ ನಿಂತು ಚಾವಡಿಯನ್ನು ನೋಡಿದಂತೆ. ತಂದೆಯ ಆರಾಮಕುರ್ಚಿ, ಒಣಹಾಕಿದ ಅಡಿಕೆ. ಹಳೆಯ ಫೋಟೋಗಳನ್ನು ಮುಂದಿಟ್ಟುಕೊಂಡು ಎಣ್ಣೆಬಣ್ಣದಲ್ಲಿ ಆರಂಭಿಸಿದಳು. ಆಗ ಆಟಿ ತಿಂಗಳು. ಹೊರಗೆ ಎಡೆಬಿಡದ ಮಳೆ. ಅಗಸೆ ಎಣ್ಣೆಯ ಬಣ್ಣ ಒಣಗುವುದು ಗಾಳಿಯ ಆಮ್ಲಜನಕವನ್ನು ಹೀರಿ. ತೇವ ತುಂಬಿದ ತಂಪು ಕೋಣೆಯಲ್ಲಿ ಅದು ಬಹಳ ನಿಧಾನ. ಹಸಿ ಪದರದ ಮೇಲೆ ಮತ್ತೊಂದು ಪದರ ಬಳಿದು ಬಣ್ಣ ಕೆಸರಾಯಿತು. ಕ್ಯಾನ್ವಾಸಿನ ಹಿಂಬದಿಗೆ ಬೂಷ್ಟು ಹಿಡಿಯಿತು. ಇದು ಕರಾವಳಿಯಲ್ಲಿ ಕೆಲಸ ಮಾಡುವವರೆಲ್ಲ ನೆನಪಿಡಬೇಕಾದ ವಿಷಯ: ಮಳೆಗಾಲದಲ್ಲಿ ಕ್ಯಾನ್ವಾಸನ್ನು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ಗೋಡೆಗೆ ತಾಗಿಸಿ ಇಡಬಾರದು, ಹಿಂದೆ ಗಾಳಿಯಾಡಲು ಕೈಯಗಲ ಜಾಗ ಬಿಡಬೇಕು.

ಬೂಷ್ಟನ್ನು ಒರೆಸಿ ಚಿತ್ರವನ್ನು ಉಳಿಸಿಕೊಳ್ಳಬಹುದಿತ್ತು. ಅವಳು ಉಳಿಸಿಕೊಳ್ಳಲಿಲ್ಲ. ತಮ್ಮ ಬಂದು ನೋಡಿ, “ಫೋಟೋದಲ್ಲಿ ಇರುವುದೇ ಇದೆಯಲ್ಲ, ಅಕ್ಕ” ಎಂದನಂತೆ. ತಾಯಿ ಒಮ್ಮೆ ನೋಡಿ ಅಡುಗೆಮನೆಗೆ ಹೋದರು, ಮತ್ತೆ ಆ ಕೋಣೆಗೆ ಬರಲಿಲ್ಲ. ಕಳೆದುಹೋದ ಮನೆಯನ್ನು ಇದ್ದಂತೆಯೇ ಬರೆದರೆ ಅದು ಶೋಕದ ಚಿತ್ರವಾಗುತ್ತದೆ. ಶೋಕ ಸಲ್ಲದು ಎಂದಲ್ಲ. ಆದರೆ ಅವಳಿಗೆ ಆಗ ಊರಿನ ಜೊತೆ ಇದ್ದ ಸಂಬಂಧ ಶೋಕವೊಂದೇ ಆಗಿರಲಿಲ್ಲ. ಅದೇ ಊರಿನಲ್ಲಿ ಆಕೆ ದಿನವೂ ತರಕಾರಿ ತರುತ್ತಿದ್ದಳು, ಆ ಹೊಸ ರಸ್ತೆಯಲ್ಲೇ ಬಸ್ಸಿನಲ್ಲಿ ಹೋಗುತ್ತಿದ್ದಳು, ಬೇಗ ತಲುಪಿದಾಗ ಖುಷಿಯೂ ಆಗುತ್ತಿತ್ತು. ಆ ಖುಷಿಯನ್ನು ನನ್ನ ಬಳಿ ಹೇಳುವಾಗ ತಪ್ಪೊಪ್ಪಿಗೆಯಂತೆ ದನಿ ತಗ್ಗಿಸಿದಳು.

ಆಟೋದಲ್ಲಿ ಕೇಳಿದ್ದು

ಆಗಸ್ಟ್‌ನಲ್ಲಿ ಅವಳು ಕುಂಚ ಮುಟ್ಟಲಿಲ್ಲ. ನಡೆದಳು. ಕರಂದಕ್ಕಾಡು, ತಾಯಲಂಗಾಡಿ, ಕೋಟೆಕಣಿ, ನೆಲ್ಲಿಕುಂಜೆಯ ಕಡಲ ಬದಿ. ಏನು ಕಂಡಿತು ಎನ್ನುವುದಕ್ಕಿಂತ ತಾನು ಏನು ಮಾಡಿದೆ, ಯಾರೊಡನೆ ಏನು ಮಾತನಾಡಿದೆ ಎಂದು ದಿನವೂ ಒಂದು ಪುಟ ಬರೆಯಲು ನಾನು ಹೇಳಿದ್ದೆ. ನನ್ನ ಸಲಹೆಗಳಲ್ಲಿ ಕೆಲಸಕ್ಕೆ ಬಂದದ್ದು ಇದೊಂದೇ ಇರಬೇಕು.

ಒಂದು ಸಂಜೆಯ ಪುಟದಲ್ಲಿ ಹೀಗಿತ್ತು. ಆಟೋ ಹತ್ತಿ ಚಾಲಕನಿಗೆ ಮಲಯಾಳದಲ್ಲಿ ‘ಪುಲಿಕುನ್ನ್’ ಎಂದು ಹೇಳಿದ್ದಳು. ಎರಡು ನಿಮಿಷದಲ್ಲಿ ಚಿಕ್ಕಮ್ಮನ ಫೋನ್ ಬಂತು. ‘ಪಿಲಿಕುಂಜೆಗೆ ಹೋಗುತ್ತಿದ್ದೇನೆ’ ಎಂದು ತುಳುವಿನಲ್ಲಿ ಹೇಳಿದಳು. ಫೋನ್ ಇಟ್ಟ ಮೇಲೆ ತನ್ನ ಬಾಯಿಯನ್ನೇ ತಾನು ಕೇಳಿಸಿಕೊಂಡಳು. ಒಂದೇ ಆಟೋದಲ್ಲಿ, ಒಂದೇ ಜಾಗಕ್ಕೆ ಎರಡು ಹೆಸರು. ಸುಳ್ಳು ಹೇಳಿದೆ ಎಂದು ಅವಳಿಗೆ ಅನಿಸಿರಲಿಲ್ಲ. ಹುಟ್ಟಿದಾಗಿನಿಂದ ಹೀಗೆಯೇ.

ಹೊರಗಿನ ಓದುಗರಿಗೆ ಇಷ್ಟು ಹೇಳಬೇಕು. ಪಿಲಿ ಎಂದರೆ ತುಳುವಿನಲ್ಲಿ ಹುಲಿ, ಪುಲಿ ಎಂದರೆ ಮಲಯಾಳದಲ್ಲಿ. ಹುಲಿಯ ಗುಡ್ಡ ಎಂದೇ ಎರಡೂ ಹೆಸರುಗಳು. ಇಂಥ ಹೆಸರುಗಳು ನಮ್ಮಲ್ಲಿ ಬರಿಯ ಹೆಸರುಗಳಲ್ಲ. 2021ರಲ್ಲಿ ಗಡಿನಾಡಿನ ಕನ್ನಡ, ತುಳು ಊರುಗಳ ಹೆಸರನ್ನು ಬದಲಿಸುತ್ತಾರೆಂಬ ಸುದ್ದಿ ಹಬ್ಬಿದಾಗ ಪಿಲಿಕುಂಜೆ, ಕಾರಡ್ಕ, ಬೇಡಡ್ಕ, ಮಂಜೇಶ್ವರ ಎಲ್ಲವೂ ಪಟ್ಟಿಯಲ್ಲಿದ್ದವು. ಕರ್ನಾಟಕದಲ್ಲಿ ದೊಡ್ಡ ವಿರೋಧ ಎದ್ದಿತು, ಅಂಥ ತೀರ್ಮಾನ ಇಲ್ಲವೆಂದು ಕೇರಳ ಸರಕಾರ ಹೇಳಿತು. ಬೋರ್ಡಿನ ಮೇಲೆ ಯಾವ ಹೆಸರಿರಬೇಕು ಎನ್ನುವುದು ಹಕ್ಕಿನ ಪ್ರಶ್ನೆ, ಅದರಲ್ಲಿ ನನಗೆ ಸಂಶಯವಿಲ್ಲ. ಪಿಲಿಕುಂಜೆ ಎಂಬ ಹೆಸರು ಬೋರ್ಡಿನಿಂದ ಅಳಿಯಬಾರದು. ಆದರೆ ಬೋರ್ಡಿನ ಕೆಳಗೆ ನಡೆದಾಡುವ ಜನರ ನಾಲಗೆಯಲ್ಲಿ ಇರುವುದು ಬೇರೆಯೇ ಒಂದು ಸಂಗತಿ. ಕಲಾವಿದೆ ಹಿಡಿದದ್ದು ಅದನ್ನು. ಎದುರಿಗಿರುವವರ ಮುಖ ನೋಡಿ ಊರಿನ ಹೆಸರನ್ನು ತಿರುಗಿಸಿ ಹೇಳುವ ಒಂದು ಅಭ್ಯಾಸವಿದೆಯಲ್ಲ, ಈ ಊರಿನೊಂದಿಗೆ ತನಗಿರುವ ಸಂಬಂಧ ಅದೇ ಎಂದು ಅವಳು ಬರೆದುಕೊಂಡಳು.

ವಿಷಯ ಸಿಕ್ಕಿತು. ಚಿತ್ರ ಸಿಕ್ಕಿರಲಿಲ್ಲ. ನಾಲಗೆಯ ಅಭ್ಯಾಸವನ್ನು ಬರೆಯುವುದು ಹೇಗೆ?

ಗುಡ್ಡದ ಮೈ

ಸೆಪ್ಟೆಂಬರ್ ಮೊದಲ ವಾರ, ಬೆಳಿಗ್ಗೆ ಏಳಕ್ಕೆ ಅವಳ ಫೋನ್. “ಮಾಷ್ಟ್ರೇ, ಮನೆಯ ಹತ್ತಿರ ಬನ್ನಿ. ಗುಡ್ಡದ ಮೈಯಲ್ಲಿ ಪಟ್ಟೆ ಇದೆ.” ಸ್ಕೂಟರ್ ಹತ್ತಿ ಹೋದೆ. ಅವಳು ರಸ್ತೆಯ ಬದಿಯಲ್ಲಿ, ಕಡಿದ ದಿಣ್ಣೆಯ ಬುಡದಲ್ಲಿ ಕೊಡೆ ಹಿಡಿದು ನಿಂತಿದ್ದಳು. ಆಳೆತ್ತರದ ದಿಣ್ಣೆಯೇ ಆದರೂ ಹೊಸ ರಸ್ತೆಗಾಗಿ ಬುಡವನ್ನೂ ಇಳಿಸಿದ್ದರಿಂದ ಈಗ ಎರಡಾಳು ಎತ್ತರದ ಗೋಡೆಯಾಗಿತ್ತು. ಅದರ ಮೈಮೇಲೆ ಜೆಸಿಬಿಯ ಹಲ್ಲುಗಳು ಮೇಲಿನಿಂದ ಕೆಳಕ್ಕೆ ಎಳೆದ ಗೆರೆಗಳು. ರಾತ್ರಿಯ ಮಳೆಯ ನೀರು ಆ ಗೆರೆಗಳಲ್ಲಿ ಇಳಿದು ಅವು ಕಪ್ಪಾಗಿದ್ದವು. ನಡುವಿನ ಮುರಕಲ್ಲು, ಅದರ ಕೆಳಗಿನ ಹಳದಿ ಮಣ್ಣು ಬೆಳಗಿನ ಬೆಳಕಿಗೆ ಹೊಳೆಯುತ್ತಿತ್ತು. ಹಳದಿ ಕೆಂಪಿನ ಮೇಲೆ ಕಪ್ಪು ಪಟ್ಟೆ. ಆ ಮೇಲೆ ನನಗೂ ಬೇರೇನೂ ಕಾಣಲಿಲ್ಲ.

ಆದರೆ ಅವಳು ಅಂದು ಹೇಳಿದ ಮುಖ್ಯ ಮಾತು ಹುಲಿಯದ್ದಲ್ಲ. “ನಾನು ಇಲ್ಲಿಯವರೆಗೆ ಮನೆಯಲ್ಲಿ ನಿಂತು ರಸ್ತೆಯನ್ನು ನೋಡಿದವಳು. ರಸ್ತೆಯಲ್ಲಿ ನಿಂತು ಮನೆಯನ್ನು ನೋಡಿದ್ದು ಇವತ್ತು” ಎಂದಳು. ದಿನವೂ ಲಾರಿಯವರು, ಬಸ್ಸಿನವರು, ಮಂಗಳೂರಿಗೆ ಆಸ್ಪತ್ರೆಗೆಂದು ಹೋಗುವವರು ನೋಡುವ ಜಾಗದಿಂದ. ಆ ಜಾಗ ಮೊದಲು ಅವಳ ಮನೆಯ ಅಂಗಳದ ಹೊಟ್ಟೆಯೊಳಗಿತ್ತು. ಚಿತ್ರದ ನೋಟ ಅಲ್ಲಿಂದಲೇ ಎಂದು ಅಲ್ಲೇ ತೀರ್ಮಾನವಾಯಿತು. ಮುಂದಿನ ಹನ್ನೊಂದು ಬೆಳಿಗ್ಗೆ ಆಕೆ ಆ ಬುಡದಲ್ಲಿ ನಿಂತು ಕರಡು ಬರೆದಳು.

ನನ್ನ ತಪ್ಪು

ಇಲ್ಲಿ ನಾನು ಅಡ್ಡ ಬಂದೆ. ಪಿಲಿ, ಪುಲಿ, ಹುಲಿ ಎಂಬ ಮೂರು ಪದಗಳನ್ನು ಚಿತ್ರದ ಬುಡದಲ್ಲಿ ಮಣ್ಣಿನಲ್ಲಿ ಕೊರೆದಂತೆ ಬರೆಯಬೇಕು, ಇಲ್ಲದಿದ್ದರೆ ಯಾರಿಗೂ ಅರ್ಥವಾಗುವುದಿಲ್ಲ ಎಂದು ಹಟ ಹಿಡಿದೆ. ಎರಡು ದಿನ ವಾದಿಸಿದೆ. ಅವಳು ಎದುರಾಡದೆ ಕಾಗದದ ಮೇಲೆ ಎರಡು ಸಣ್ಣ ಕರಡು ಮಾಡಿದಳು, ಒಂದರಲ್ಲಿ ಅಕ್ಷರ, ಇನ್ನೊಂದರಲ್ಲಿ ಇಲ್ಲ. ಬಾಡಿಗೆ ಮನೆಗೆ ಬಂದವರಿಗೆಲ್ಲ ತೋರಿಸಿದಳು. ಅಕ್ಷರವಿದ್ದ ಕರಡಿನ ಮುಂದೆ ಜನ ಬಗ್ಗಿ ಓದಿದರು. ಯಾವ ಲಿಪಿ ಮೊದಲು, ಯಾವುದು ದೊಡ್ಡದು ಎಂದು ಮಾತು ಎದ್ದಿತು. ಅಕ್ಷರವಿಲ್ಲದ್ದರ ಮುಂದೆ ತಲೆ ಎತ್ತಿ ನೋಡಿದರು. ನಾನು ಮಾತು ನಿಲ್ಲಿಸಿದೆ.

ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತೇನೆ: ಶಾಲೆಯಲ್ಲಿ ಮೂವತ್ತು ವರ್ಷ ಚಿತ್ರದ ಕೆಳಗೆ ಶೀರ್ಷಿಕೆ ಬರೆಸಿ ಬರೆಸಿ, ಕಣ್ಣಿಗಿಂತ ಅಕ್ಷರವನ್ನು ಹೆಚ್ಚು ನಂಬುವುದು ನನಗೆ ರೂಢಿಯಾಗಿಬಿಟ್ಟಿತ್ತು.

ಮಣ್ಣನ್ನು ಬಣ್ಣ ಮಾಡಿದ್ದು

ಬಣ್ಣ ಅಂಗಡಿಯದ್ದಲ್ಲ, ಆ ದಿಣ್ಣೆಯದ್ದೇ ಆಗಬೇಕೆಂದು ಅವಳು ಹೊರಟಳು. ಕೆಲಸದ ಮೇಸ್ತ್ರಿಯನ್ನು ಕೇಳಿ ಎರಡು ಗೋಣಿ ಮಣ್ಣು ತಂದಳು. ಮುರಕಲ್ಲಿನ ಬಗ್ಗೆ ಒಂದು ಮಾತು. ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂ ಬಳಿ ಈ ಕಲ್ಲನ್ನು ನೋಡಿ, 1807ರಲ್ಲಿ ಪ್ರಕಟವಾದ ತಮ್ಮ ಪ್ರವಾಸದ ಪುಸ್ತಕದಲ್ಲಿ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟರು. ನೆಲದೊಳಗೆ ಇರುವಾಗ ಮೆತ್ತಗಿದ್ದು ಕೊಡಲಿಯಿಂದ ಕಡಿಯಲು ಬರುತ್ತದೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಬೇಕಲದ ಕೋಟೆಯೂ ಇದೇ ಕಲ್ಲು, ನಮ್ಮ ಹಂದಿಗೂಡೂ ಇದೇ ಕಲ್ಲು. ಮುರಕಲ್ಲಿನ ಕೆಳಗೆ ಹಳದಿ, ನೇರಳೆ ಚುಕ್ಕೆಯ ಮಣ್ಣು, ಅದರ ಕೆಳಗೆ ಶೇಡಿ ಎಂಬ ಬಿಳಿಯ ಮಣ್ಣು.

ಮೊದಲ ಪರೀಕ್ಷೆ ಕೆಟ್ಟಿತು. ಮಣ್ಣನ್ನು ಹಾಗೆಯೇ ಜರಡಿ ಹಿಡಿದು ಅಕ್ರಿಲಿಕ್ ಮಾಧ್ಯಮದಲ್ಲಿ ಕಲಸಿ ದಪ್ಪವಾಗಿ ಬಳಿದಳು. ಮೂರನೇ ದಿನ ಬಿರುಕು. ಮಣ್ಣು ಹೆಚ್ಚು, ಅಂಟು ಕಡಿಮೆ, ಒಂದೇ ಸಲಕ್ಕೆ ದಪ್ಪ. ಆಮೇಲೆ ಕ್ರಮವಾಗಿ ಹೋದಳು. ಒರಳಿನಲ್ಲಿ ಕುಟ್ಟಿ, ಬಕೆಟ್ ನೀರಿನಲ್ಲಿ ಕದಡಿ, ಮರಳು ತಳಕ್ಕೆ ಕೂರುವಷ್ಟು ಹೊತ್ತು ಬಿಟ್ಟು, ಬಣ್ಣದ ನೀರನ್ನು ಇನ್ನೊಂದು ಬಕೆಟ್ಟಿಗೆ ಬಸಿಯುವುದು. ರಾತ್ರಿಯಿಡೀ ಬಿಟ್ಟರೆ ಸಣ್ಣ ಮಣ್ಣು ಕೆಳಗೆ ಕೂರುತ್ತದೆ. ಮೇಲಿನ ತಿಳಿಯನ್ನು ಚೆಲ್ಲಿ ಮತ್ತೆ ನೀರು. ಹೀಗೆ ಮೂರು ನಾಲ್ಕು ಸಲ. ಹಳೆಯ ಪಂಚೆಯಲ್ಲಿ ಸೋಸಿ ಒಣಗಿಸಿ ಗಾಜಿನ ಮೇಲೆ ಅಂಟಿನೊಡನೆ ಅರೆಯುವುದು. ಹಳದಿ ಮಣ್ಣನ್ನು ಕಬ್ಬಿಣದ ಕಾವಲಿಯಲ್ಲಿ ಚೆನ್ನಾಗಿ ಹುರಿದಾಗ ಅದು ಕೆಂಪಾಯಿತು. ಹಳದಿಗೆ ಕಾರಣವಾದ ಕಬ್ಬಿಣದ ಆಕ್ಸೈಡಿನಲ್ಲಿ ನೀರು ಸೇರಿಕೊಂಡಿರುತ್ತದೆ, ಕಾವಿಗೆ ಅದು ಹೊರಟುಹೋಗುತ್ತದೆ. ಒಂದೇ ಮಣ್ಣಿನಿಂದ ನಾಲ್ಕು ಬಗೆಯ ಕೆಂಪು ಸಿಕ್ಕಿತು. ಕಬ್ಬಿಣದ ಈ ಬಣ್ಣಗಳು ಬೆಳಕಿಗೆ ಮಾಸುವುದಿಲ್ಲ. ಕಪ್ಪಿಗೆ ತೆಂಗಿನ ಗೆರಟೆಯ ಇದ್ದಿಲು.

ಕ್ಯಾನ್ವಾಸನ್ನು ಬಿಟ್ಟು ಪ್ಲೈವುಡ್ ಹಲಗೆಗೆ ಬದಲಾದದ್ದು ಇನ್ನೊಂದು ಒಳ್ಳೆಯ ತೀರ್ಮಾನ. ಮಣ್ಣಿನ ಪದರ ಬಾಗುವ ಬಟ್ಟೆಯ ಮೇಲೆ ನಿಲ್ಲುವುದಿಲ್ಲ. ಹಲಗೆಯ ಎರಡೂ ಬದಿಗೆ ಸಮನಾಗಿ ತಳದ ಬಣ್ಣ ಹಚ್ಚಿದಳು. ಒಂದೇ ಬದಿಗೆ ಹಚ್ಚಿದರೆ ನಮ್ಮ ತೇವಕ್ಕೆ ಹಲಗೆ ಸೊಟ್ಟಗಾಗುತ್ತದೆ.

ಪಟ್ಟೆಗಳನ್ನು ಹೇಗೆ ಮೂಡಿಸುವುದು ಎಂಬಲ್ಲಿ ಮತ್ತೊಂದು ತಿರುವು. ಪಿಲಿವೇಷ ಹಾಕುವಾಗ ಮೊದಲು ಮೈತುಂಬ ಹಳದಿ ಬಳಿದು, ಒಣಗಿದ ಮೇಲೆ ಕಪ್ಪು ಪಟ್ಟೆ ಎಳೆಯುತ್ತಾರೆ. ಆಕೆಯೂ ಹಾಗೆಯೇ ಮಾಡಿ ನೋಡಿದಳು. ಪಟ್ಟೆ ಅಲಂಕಾರದಂತೆ ಕಂಡಿತು. ಜೆಸಿಬಿ ಆ ಗುಡ್ಡಕ್ಕೆ ಏನನ್ನೂ ಬಳಿದಿರಲಿಲ್ಲ, ಅದರಿಂದ ತೆಗೆದಿತ್ತು. ಹಾಗಾಗಿ ಕೆಳಗೆ ಇದ್ದಿಲಿನ ಕಪ್ಪು ಪದರ ಹಾಕಿ ಒಣಗಿಸಿ, ಮೇಲೆ ಹಳದಿ ಕೆಂಪು ಪದರ ಬಳಿದು, ಅದು ಹಸಿಯಿರುವಾಗಲೇ ಕೆರೆದು ತೆಗೆಯುವುದೆಂದು ನಿರ್ಧರಿಸಿದಳು. ಬಡಗಿಯ ಬಳಿ ಅಗಲ ಹಲ್ಲಿನ ಮರದ ಬಾಚಣಿಗೆ ಮಾಡಿಸಿದಳು. ಅಕ್ರಿಲಿಕ್ ಬೇಸಿಗೆಯಲ್ಲಿ ನಿಮಿಷಗಳಲ್ಲಿ ಒಣಗಿಬಿಡುತ್ತದೆ. ಎಣ್ಣೆಬಣ್ಣದ ಚಿತ್ರವನ್ನು ಕೆಡಿಸಿದ ಅದೇ ತೇವ ಈಗ ಕೆರೆಯಲು ಬೇಕಾದಷ್ಟು ಹೊತ್ತು ಕೊಟ್ಟಿತು. ಮೇಲಿನಿಂದ ಕೆಳಕ್ಕೆ, ಯಂತ್ರ ಎಳೆದ ದಿಕ್ಕಿಗೇ, ಇಡೀ ತೋಳಿನ ಬಲದಿಂದ ಎಳೆದಳು. ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಎಳೆಯುವಾಗ ಅಳು ಬಂತೆಂದೂ, ಆದರೂ ಕೈ ನಿಲ್ಲಲಿಲ್ಲವೆಂದೂ ಆಮೇಲೆ ಹೇಳಿದಳು.

ಚಿತ್ರದಲ್ಲಿ ಆಕಾಶವಿಲ್ಲ. ಮೇಲಿನ ಮೂರು ಬೆರಳಗಲದಲ್ಲಿ ಅಂಗಳದ ತುದಿ, ಕಡಿದ ತುಳಸಿಕಟ್ಟೆಯ ಪಕ್ಕೆ, ಎಡಕ್ಕೆ ಜೋತುಬಿದ್ದ ಹಲಸಿನ ಬೇರು. ಉಳಿದದ್ದೆಲ್ಲ ಗುಡ್ಡದ ಮೈ. ಕೆಳ ಅಂಚು ನೆಲದಿಂದ ಐದು ಅಡಿ ಮೇಲಿರುವಂತೆ ತೂಗುಹಾಕಬೇಕೆಂದು ಹಲಗೆಯ ಹಿಂದೆ ಬರೆದಿಟ್ಟಳು. ನೋಡುವವರು ಕತ್ತೆತ್ತಬೇಕು.

ಸಂಘದಲ್ಲಿ

ಅಕ್ಟೋಬರ್ ಕೊನೆಯಲ್ಲಿ ಇಬ್ಬರು ಹೊತ್ತು ತಂದರು. ಸಮಿತಿಯವರು ಬಹಳ ಹೊತ್ತು ಮೌನವಾಗಿದ್ದರು. “ಇದರಲ್ಲಿ ಕನ್ನಡ ಎಲ್ಲಿದೆ, ಮಗಳೇ?” ಎಂದು ಕಾರ್ಯದರ್ಶಿಗಳು ಕೇಳಿದರು. ಕೋಪದಿಂದಲ್ಲ, ನಿಜವಾಗಿ ಹುಡುಕಿ ಸಿಗದೆ ಕೇಳಿದರು. ಅವಳು ಆಟೋದ ಸಂಗತಿಯನ್ನು ಹೇಳಿದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೀನಿನವಳೊಡನೆ ಮಾತನಾಡುವಾಗ ತಾನೂ ನೆಲ್ಲಿಕುನ್ನು ಎಂದೇ ಹೇಳುವುದು, ಮನೆಗೆ ಬಂದು ನೆಲ್ಲಿಕುಂಜೆ ಎನ್ನುವುದು ಎಂದರು. ಆದರೂ ವೇದಿಕೆಯ ಹಿಂದಿನ ಗೋಡೆಗೆ ಇದು ಹೊಂದುವುದಿಲ್ಲವೆಂಬ ಅಭಿಪ್ರಾಯವನ್ನು ಅವರು ಬದಲಿಸಲಿಲ್ಲ. ಸಮಿತಿ ಅವರ ಮಾತಿಗೆ ಒಪ್ಪಿತು. ಚಿತ್ರ ಮಹಡಿಯ ಮೆಟ್ಟಿಲು ತಿರುಗುವಲ್ಲಿ ಗೋಡೆಗೆ ಹೋಯಿತು.

ಅವಳಿಗೆ ನೋವಾಯಿತು, ನನಗೂ ಆಯಿತು. ಆದರೆ ಮೆಟ್ಟಿಲು ಹತ್ತುವವರು ಕೆಳಗಿನಿಂದ ಕತ್ತೆತ್ತಿಯೇ ಅದನ್ನು ನೋಡಬೇಕು. ಅವಳು ಬಯಸಿದ ನೋಟ ವೇದಿಕೆಯ ಮೇಲೆ ಅಷ್ಟು ಸರಿಯಾಗಿ ಸಿಗುತ್ತಿರಲಿಲ್ಲ. ಇದನ್ನು ಯಾರೂ ಯೋಜಿಸಿರಲಿಲ್ಲ.

ಶೀರ್ಷಿಕೆ ಇಡಲಿಲ್ಲ. ಕೆಳಗಿನ ಚೀಟಿಯಲ್ಲಿ ಅಳತೆ, ಮತ್ತು ‘ಮುರಕಲ್ಲು, ಹಳದಿ ಮಣ್ಣು, ಶೇಡಿ, ಗೆರಟೆಯ ಇದ್ದಿಲು’ ಎಂದು ಮಾತ್ರ ಇದೆ. ಕೆಲವರಿಗೆ ಹುಲಿ ಕಾಣುತ್ತದೆ, ಕೆಲವರಿಗೆ ರಸ್ತೆ ಕೆಲಸ ಕಾಣುತ್ತದೆ. ಸಭೆಗೆ ಬಂದ ಮಲಯಾಳ ಅಧ್ಯಾಪಕರೊಬ್ಬರು ಬಹಳ ಹೊತ್ತು ನಿಂತು, ಇದು ತನ್ನ ತರವಾಡು ಮನೆಯ ಹಿಂದಿನ ಗುಡ್ಡ ಎಂದರು. ಅವರ ಊರು ಇಲ್ಲಿಂದ ನಲವತ್ತು ಕಿಲೋಮೀಟರ್ ತೆಂಕಣಕ್ಕೆ.

ಇದರಿಂದ ನಾನು ಕಲಿತದ್ದು

ಊರಿನ ಚಿತ್ರ ಬರೆಯುವವರು ಮೊದಲು ಕೇಳಿಕೊಳ್ಳುವುದು ‘ಏನನ್ನು ಬರೆಯಲಿ’ ಎಂದು. ಈ ಪ್ರಕರಣದಲ್ಲಿ ಕೆಲಸ ಮುಂದೆ ಸಾಗಿದ್ದು ‘ಎಲ್ಲಿ ನಿಂತು ಬರೆಯಲಿ’ ಎಂದು ಕೇಳಿದ ಮೇಲೆ. ಆಕಾಶದಲ್ಲಿ ನಿಂತಾಗ ಭೂಪಟ, ಅಂಗಳದಲ್ಲಿ ನಿಂತಾಗ ಫೋಟೋ. ರಸ್ತೆಯಲ್ಲಿ ನಿಂತಾಗ, ಅಂದರೆ ತನ್ನಿಂದ ತೆಗೆದುಕೊಂಡ ಜಾಗದಲ್ಲೇ ನಿಂತಾಗ, ಚಿತ್ರ ಬಂತು. ಈಗ ನನ್ನ ಬಳಿ ಕಲಿಯಲು ಬರುವವರಿಗೆ ಕುಂಚ ಹಿಡಿಯುವ ಮೊದಲು ನಿಲ್ಲುವ ಜಾಗವನ್ನು ನೆಲದ ಮೇಲೆ ಸುಣ್ಣದಲ್ಲಿ ಗುರುತಿಸಿ ಬನ್ನಿ ಎನ್ನುತ್ತೇನೆ.

ಎರಡು ಪ್ರಯತ್ನ ಬಿದ್ದದ್ದು ನಷ್ಟ ಎಂದು ನಾನು ಭಾವಿಸುವುದಿಲ್ಲ. ಏಳು ಭಾಷೆಯ ಹೊಳೆಗಳನ್ನು ಬರೆದು ತೆಗೆದಿರದಿದ್ದರೆ ಭಾಷೆಯ ಒತ್ತಾಯ ಕೊನೆಯ ಚಿತ್ರದೊಳಗೂ ನುಗ್ಗುತ್ತಿತ್ತು. ಸಂಘದವರಿಗೆ ಹಿಡಿಸಿದ್ದನ್ನೇ ಅವಳು ಕೈಬಿಟ್ಟಳಲ್ಲ, ಆ ಧೈರ್ಯಕ್ಕೆ ನಾನು ಇಂದಿಗೂ ತಲೆಬಾಗುತ್ತೇನೆ. ದಿನಕ್ಕೊಂದು ಪುಟ ಬರೆಯುವ ಅಭ್ಯಾಸವೂ ದೊಡ್ಡದು. ಕಣ್ಣಿಗೆ ಬಿದ್ದದ್ದನ್ನು ಎಲ್ಲರೂ ಟಿಪ್ಪಣಿ ಮಾಡುತ್ತಾರೆ, ತನ್ನ ಬಾಯಿಂದ ಬಂದದ್ದನ್ನು ಬರೆದಿಟ್ಟುಕೊಳ್ಳುವವರು ಕಡಿಮೆ.

ಚಿತ್ರ ಈಗ

ಮುಂದಿನ ಮಳೆಗಾಲದಲ್ಲಿ ಮೆಟ್ಟಿಲಿನ ಮೇಲೆ ಸಣ್ಣಗೆ ಕೆಂಪು ಹುಡಿ ಉದುರತೊಡಗಿತು. ಬಂದವರು ಕೆಳ ಅಂಚನ್ನು ಮುಟ್ಟುವುದೂ ಅದಕ್ಕೆ ಕಾರಣ. ಹೊಳಪಿಲ್ಲದ ವಾರ್ನಿಷ್ ಒಂದು ಕೈ ಹೊಡೆಯಬೇಕೆಂದು ನಾನು ಹೇಳಿದೆ. ಮಣ್ಣಿನ ಬಣ್ಣ ಕಪ್ಪಾದೀತೆಂದು ಅವಳು ಹಿಂಜರಿದು, ಪರೀಕ್ಷೆಯ ತುಂಡುಗಳ ಮೇಲೆ ಹೊಡೆದು ಒಂದು ವರ್ಷ ಕಾದು ನೋಡಿದಳು.

ಆ ನಡುವೆ ತಾಯಿ ಬಂದು ನೋಡಿದರು. ಅಲ್ಲಿಯವರೆಗೆ ಬರಲು ಒಪ್ಪಿರಲಿಲ್ಲ. ಮೆಟ್ಟಿಲ ಮೇಲೆ ಬದಿಯ ಕಂಬಿ ಹಿಡಿದು ನಿಂತರು. ಪಟ್ಟೆಯ ಬಗ್ಗೆ ಏನೂ ಹೇಳಲಿಲ್ಲ. ಮೇಲಿನ ಅಂಚಿಗೆ ಬೆರಳು ತೋರಿಸಿ, “ಹಲಸಿನ ಮರ ಈ ಬದಿಗೆ ಅಲ್ಲ, ಆ ಬದಿಗೆ ಇದ್ದದ್ದು” ಎಂದರು. ಅವರು ಹೇಳಿದ್ದೇ ಸರಿ. ಬಲಬದಿಯಲ್ಲಿ ಭಾರ ಹೆಚ್ಚಾಗುತ್ತದೆಂದು ಕಲಾವಿದೆ ಬೇರನ್ನು ಎಡಕ್ಕೆ ತಂದಿದ್ದಳು, ನಾನೂ ಅದನ್ನು ಮೆಚ್ಚಿದ್ದೆ. ಅವಳು ತಾಯಿಗೆ ಉತ್ತರ ಕೊಡಲಿಲ್ಲ.

ಮರುವರ್ಷದ ಮೇ ತಿಂಗಳಲ್ಲಿ ವಾರ್ನಿಷ್ ಹೊಡೆಯಲು ಬಂದಾಗ ಉಳಿದಿದ್ದ ಮಣ್ಣಿನ ಡಬ್ಬಿಗಳನ್ನೂ ತಂದಿದ್ದಳು. ಏಣಿ ಹತ್ತಿ ಬಲಬದಿಯಲ್ಲಿ ಇನ್ನೊಂದು ಬೇರು ಬರೆದಳು. ಎಡಗಡೆಯದನ್ನು ಅಳಿಸಲಿಲ್ಲ.